ಸ್ಪಷ್ಟನೆ: ವಾಟ್ಸಾಪಿನ ಮೆಟಾ ಎಐ ನಿಮ್ಮ ಗ್ರೂಪಿನ ಮೆಸೇಜ್‌ಗಳನ್ನೆಲ್ಲ ಓದುವುದಿಲ್ಲ

"ವಾಟ್ಸಾಪಿನ ಎಐ ಎಲ್ಲಾ ಗ್ರೂಪಿನ ಚಾಟ್, ನಂಬರ್ ಕದಿಯುತ್ತದೆ, ಕೂಡಲೇ ಅಡ್ವಾನ್ಸ್‌ಡ್ ಚಾಟ್ ಪ್ರೈವೆಸಿ ಆನ್ ಮಾಡಿ" ಎಂಬ ಮೆಸೇಜ್ ರಾಯಚೂರು, ಸಿಂಧನೂರಿನ ಗ್ರೂಪುಗಳಲ್ಲಿ ಓಡಾಡುತ್ತಿದೆ. ಅದು ತಪ್ಪು.

ಚಾಟ್‌ಗಳು ಎಂಡ್-ಟು-ಎಂಡ್ ಎನ್‌ಕ್ರಿಪ್ಟ್ ಆಗಿರುತ್ತವೆ, ಅಂದರೆ ಆ ಚಾಟಿನಲ್ಲಿ ಇರುವವರನ್ನು ಬಿಟ್ಟು ಬೇರೆಯವರು ಓದಲಾಗದು. ಯಾರಾದರೂ ಮೆಟಾ ಎಐಯನ್ನು ಟ್ಯಾಗ್ ಮಾಡಿ ಕೇಳಿದ್ದು, ಅದಕ್ಕೆ ತಾವಾಗಿಯೇ ಕಳಿಸಿದ್ದು, ಇಷ್ಟೇ ಅದಕ್ಕೆ ತಲುಪುವುದು. ವಾಟ್ಸಾಪ್ ಕಂಪನಿಯ ಅಧಿಕೃತ ವಿವರಣೆಯೂ ಇದೇ.

ಅಡ್ವಾನ್ಸ್‌ಡ್ ಚಾಟ್ ಪ್ರೈವೆಸಿ ಎಂಬ ಸೆಟ್ಟಿಂಗ್ ಇರುವುದು ನಿಜ, ಗ್ರೂಪಿನ ಹೆಸರು ಒತ್ತಿದರೆ ಸಿಗುತ್ತದೆ. ಆದರೆ ಅದರ ಕೆಲಸ ಬೇರೆ. ಅದನ್ನು ಆನ್ ಮಾಡಿದರೆ ಚಾಟ್ ಎಕ್ಸ್‌ಪೋರ್ಟ್ ಮಾಡಲಾಗದು (ಇಡೀ ಚಾಟನ್ನು ಫೈಲ್ ಮಾಡಿ ಹೊರಗೆ ಕಳಿಸಲಾಗದು), ಆ ಚಾಟಿನಲ್ಲಿ ಮೆಟಾ ಎಐಯನ್ನು ಕರೆಯಲಾಗದು, ಫೋಟೊಗಳು ತಾವಾಗಿ ಗ್ಯಾಲರಿಗೆ ಇಳಿಯವು. ಹತ್ತಿ ದರದ ಗ್ರೂಪಿನಲ್ಲಿ ಆನ್ ಮಾಡಿ, ಆಮೇಲೆ ದರಪಟ್ಟಿ ಗ್ಯಾಲರಿಯಲ್ಲಿ ಕಾಣುತ್ತಿಲ್ಲ ಎಂದು ಫೋನನ್ನು ಬೈದು ಉಪಯೋಗವಿಲ್ಲ. ಸ್ಕ್ರೀನ್‌ಶಾಟನ್ನಂತೂ ಅದು ತಡೆಯುವುದೇ ಇಲ್ಲ.

ಆಧಾರ್, ಪಾಸ್‌ಬುಕ್ ಫೋಟೊಗಳನ್ನು ಎಐಗೆ ಕಳಿಸಬೇಡಿ. ಆ ತಪ್ಪು ಮೆಸೇಜನ್ನು ಇನ್ನು ಮುಂದೆ ಫಾರ್ವರ್ಡ್ ಮಾಡಬೇಡಿ.