ಐವತ್ತು ದಾಟಿದವರಿಗೆಲ್ಲ ಮನೆಬಾಗಿಲಲ್ಲೇ ಮಲಪರೀಕ್ಷೆ: ಬೇಕೇ, ಬೇಡವೇ?

ಪರ: ಡಬ್ಬಿ ಹಂಚಿ, ಚಳಿಗಾಲದಲ್ಲೇ ಹಂಚಿ

"ಉಷ್ಣ ಆಗ್ಯಾದ್ರಿ, ಮೆಣಸಿನಕಾಯಿ ಬಿಟ್ರ ನಿಲ್ತಾದ." ಮಲದಲ್ಲಿ ರಕ್ತ ಕಂಡರೆ ರಾಯಚೂರು ಸೀಮೆಯಲ್ಲಿ ಮೊದಲು ಕೇಳಿಬರುವ ಮಾತು ಇದು. ಆಮೇಲೆ ಮೂಲವ್ಯಾಧಿಯ ಬೋರ್ಡು ಹಾಕಿಕೊಂಡವರ ಹತ್ತಿರ ನಾಲ್ಕಾರು ತಿಂಗಳು ಕಳೆಯುತ್ತದೆ. ಕಣ್ಣಿಗೆ ರಕ್ತ ಕಾಣಲಿ ಎಂದು ಕಾಯುವುದೇ ತಪ್ಪು. ದೊಡ್ಡಕರುಳಿನ ಒಳಗೋಡೆಯಲ್ಲಿ ಮೂಡುವ ಪಾಲಿಪ್ ಎಂಬ ಸಣ್ಣ ಗಂಟು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷ ಹಿಡಿಯುತ್ತದೆ. ನೋವಿಲ್ಲ, ಸುಸ್ತಿಲ್ಲ. ದೊಡ್ಡದಾದಂತೆ ಆಗೀಗ ಕಾಣದಷ್ಟು ರಕ್ತ ಒಸರುತ್ತದೆ, ಅಷ್ಟೆ. ಅದನ್ನು ಹಿಡಿಯುವುದು ಫಿಟ್ ಪರೀಕ್ಷೆ: ಕಡ್ಡಿಯಿರುವ ಸಣ್ಣ ಡಬ್ಬಿಯಲ್ಲಿ ಮನೆಯಲ್ಲೇ ಮಲದ ಚೂರು ತೆಗೆದು ಲ್ಯಾಬಿಗೆ ಕಳಿಸುವುದು.

ಜಪಾನಿನಲ್ಲಿ ಇದು 1992ರಿಂದ ನಡೆಯುತ್ತಿದೆ. ನಮ್ಮಲ್ಲಿ ಕೇಂದ್ರದ 2016ರ ಮಾರ್ಗಸೂಚಿಯಲ್ಲಿ ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆ ಇದೆ, ಕರುಳಿನದು ಇಲ್ಲ. ಮಲದ ರಕ್ತ ಹುಡುಕುವ ಹಳೆಯ ಗ್ವಾಯಕ್ ಪರೀಕ್ಷೆಗೆ ಮಾಂಸ, ಮೂಲಂಗಿ ಬಿಡಬೇಕಿತ್ತು. ಫಿಟ್ ಮನುಷ್ಯರ ಹಿಮೋಗ್ಲೋಬಿನ್ನನ್ನಷ್ಟೇ ಗುರುತಿಸುವುದರಿಂದ ಹಿಂದಿನ ರಾತ್ರಿ ಜಾತ್ರೆಯ ಕುರಿ ಉಂಡಿದ್ದರೂ ಅಡ್ಡಿಯಿಲ್ಲ.

ಕೆಲಸ ಕೆಡುವುದು ಸಂಡಾಸಿನಲ್ಲಿ. ಡಬ್ಬಿಯ ಜೊತೆ ಬರುವ ಚಿತ್ರಗಳು ಕಮೋಡಿನವು. ನಮ್ಮ ಕುಕ್ಕರಗಾಲಿನ ಸಂಡಾಸಿನಲ್ಲಿ ಮಲ ಜಾರಿ ನೀರಿಗೆ ಬಿದ್ದರೆ ರಕ್ತ ತೊಳೆದುಹೋಗುತ್ತದೆ. ಮೊದಲು ಮೂತ್ರ ಮುಗಿಸಿ, ಬೇಸಿನ್ ಮೇಲೆ ಹಳೆಯ ಪೇಪರನ್ನು ಎರಡು ಮಡಿಕೆ ಮಾಡಿ ಹಾಸಬೇಕು. ಬಯಲಿಗೆ ಚರಿಗೆ ಒಯ್ಯುವವರು ಪೇಪರನ್ನೂ ಒಯ್ಯಬೇಕು, ಮಣ್ಣು ಮೆತ್ತಿದ್ದು ಕೆಲಸಕ್ಕೆ ಬಾರದು. ಕಡ್ಡಿಯ ತುದಿಯಲ್ಲಿ ಗೀರುಗಳಿವೆ. ಮಲದ ಮೇಲ್ಮೈಯಲ್ಲಿ ನಾಲ್ಕೈದು ಕಡೆ ಚುಚ್ಚಿ, ಆ ಗೀರು ತುಂಬಿದರೆ ಸಾಕು. ಹೆಚ್ಚು ತೆಗೆದರೆ ಒಳ್ಳೆಯದು ಎಂದು ಡಬ್ಬಿ ತುಂಬಿಸುವವರೇ ಜಾಸ್ತಿ, ಅಂಥದು ಲ್ಯಾಬಿನಲ್ಲಿ ಹಾಳು. ಕಡ್ಡಿ ಒಳಗೆ ತಳ್ಳಿ, ಟಕ್ ಎನ್ನುವ ತನಕ ಮುಚ್ಚಿ, ಅಲುಗಾಡಿಸಿ, ತಾರೀಖು ಬರೆಯಬೇಕು. ಮುಟ್ಟಾದವರು ನಿಂತು ಮೂರು ದಿನ ಬಿಟ್ಟು ಮಾಡಬೇಕು.

ಇನ್ನು ಬಿಸಿಲು. ಮೇ ತಿಂಗಳ ರಾಯಚೂರಿನ ನಲವತ್ತು ಡಿಗ್ರಿ ದಾಟಿದ ಸೆಖೆಯಲ್ಲಿ ಡಬ್ಬಿ ಆಶಾ ಕಾರ್ಯಕರ್ತೆಯ ಚೀಲದಲ್ಲಿ ಮಧ್ಯಾಹ್ನದ ತನಕ ಕುಳಿತರೆ ಹಿಮೋಗ್ಲೋಬಿನ್ ಒಡೆಯಬಹುದು, ರಕ್ತವಿದ್ದರೂ ಇಲ್ಲ ಎಂದು ಬರಬಹುದು. ಹಾಗಾಗಿ ನವೆಂಬರಿನಿಂದ ಫೆಬ್ರುವರಿ, ಬೆಳಿಗ್ಗೆ ಒಂಬತ್ತರೊಳಗೆ, ಐಸ್ ಪ್ಯಾಕ್ ಇಟ್ಟ ಡಬ್ಬದಲ್ಲಿ. ಲಸಿಕೆಯ ಕ್ಯಾರಿಯರ್ ಮುಟ್ಟುವ ಹಾಗಿಲ್ಲ, ಅದು ಲಸಿಕೆಗೆ ಮಾತ್ರ.

ಬೇಡ ಎನ್ನುವವರ ವಾದ ಏನು? ಹಳ್ಳಿಯವರು ಅಸಹ್ಯಪಟ್ಟುಕೊಳ್ಳುತ್ತಾರಂತೆ. ದಿನವೂ ಸಗಣಿ ಬಾಚುವ ಮಂದಿ ಕಡ್ಡಿಗೆ ಹೇಸುತ್ತಾರೆಯೇ! ಪಾಸಿಟಿವ್ ಬಂದವರಿಗೆ ಮುಂದಿನ ಕೊಲೊನೊಸ್ಕೋಪಿ, ಅಂದರೆ ಸ್ಕೋಪ್ ಎಂಬ ಕ್ಯಾಮೆರಾ ಕೊಳವೆಯನ್ನು ಗುದದ ಮೂಲಕ ಹಾಕಿ ಕರುಳು ನೋಡುವುದು, ಎಲ್ಲಿ ಎಂದೂ ಕೇಳುತ್ತಾರೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರು ಕಡೆಯೂ ಸರ್ಕಾರಿ ಮೆಡಿಕಲ್ ಕಾಲೇಜಿದೆ. ಜನ ಸಾಲು ನಿಂತರೆ ಯಂತ್ರ ತಾನಾಗಿ ಬರುತ್ತದೆ.

ವಿರೋಧ: ಯಂತ್ರ ತಾನಾಗಿ ಬರುವುದಿಲ್ಲ

ಈ ಪಾಲು ನನಗೆ ಒಪ್ಪಿಸಿದ್ದು. ಪರೀಕ್ಷೆ ಕೆಟ್ಟದ್ದು ಎಂದು ನಾನು ಬರೆಯಲಾರೆ. ಡಬ್ಬಿ ಹಂಚಿ ಫೋಟೊ ತೆಗೆಸಿಕೊಂಡು ಕೈತೊಳೆದುಕೊಳ್ಳುವ ಕಾರ್ಯಕ್ರಮಕ್ಕೆ ಮಾತ್ರ ನನ್ನ ತಕರಾರು.

ಒಂದು ತಾಲೂಕಿನಲ್ಲಿ 20,000 ಮಂದಿ ಡಬ್ಬಿ ಕೊಟ್ಟರು ಎನ್ನಿ. ನೂರಕ್ಕೆ ಐವರಿಗೆ ಪಾಸಿಟಿವ್ ಎಂದು ಹಿಡಿದರೆ 1,000 ಕೊಲೊನೊಸ್ಕೋಪಿ. ಮೂಲವ್ಯಾಧಿಯ ರಕ್ತಕ್ಕೂ ಫಿಟ್ ಪಾಸಿಟಿವ್ ಆಗುವುದರಿಂದ ಸಂಖ್ಯೆ ಏರಬಹುದು. ಪ್ರತಿ ಸಲವೂ ಸ್ಕೋಪನ್ನು ಸೋರಿಕೆಗೆ ಪರೀಕ್ಷಿಸಿ, ಕೊಳವೆಗಳಿಗೆ ಬ್ರಷ್ ಹಾಕಿ, ಸೋಂಕುನಾಶಕದಲ್ಲಿ ನೆನೆಸಿ, ತೊಳೆದು ಒಣಗಿಸಬೇಕು. ಒಂದೇ ಸ್ಕೋಪಿನಲ್ಲಿ ವಾರಕ್ಕೆ ಎಂಟು ಮಾಡಿದರೂ 125 ವಾರ. ಪಾಸಿಟಿವ್ ಬಂದು ಹತ್ತು ತಿಂಗಳು ದಾಟಿದರೆ ಕ್ಯಾನ್ಸರ್ ಮುಂದುವರಿದಿರುವ ಸಾಧ್ಯತೆ ಹೆಚ್ಚು ಎಂದು ಅಮೆರಿಕದ ಅಧ್ಯಯನ ತೋರಿಸಿದೆ. ಕಾಯುವ 125 ವಾರ "ನಿಮಗೆ ಏನೋ ಇರಬಹುದು" ಎಂಬ ಚೀಟಿ ಕೈಯಲ್ಲಿ ಹಿಡಿದವರ ಸ್ಥಿತಿ ಏನು?

ಕೊಲೊನೊಸ್ಕೋಪಿಯ ತಯಾರಿಯದು ಬೇರೆಯೇ ಕಥೆ. ಎರಡು ಮೂರು ದಿನ ಮೊದಲೇ ಗುರೆಳ್ಳು ಪುಡಿ, ಅಗಸಿ ಚಟ್ನಿ, ಪುಂಡಿಪಲ್ಯ ಬಿಡಬೇಕು. ಆ ಬೀಜ, ನಾರು ಸ್ಕೋಪಿನ ಹೀರುಕೊಳವೆಗೆ ಸಿಕ್ಕಿಕೊಳ್ಳುತ್ತವೆ. ಹಿಂದಿನ ದಿನ ರೊಟ್ಟಿಯೂ ಇಲ್ಲ, ಬರೀ ಗಂಜಿತಿಳಿ, ಎಳನೀರು. ಹೊಟ್ಟೆ ತೊಳೆಯುವ ಪಿಇಜಿ ಪುಡಿ ಕಲಸಿದ ಎರಡು ಲೀಟರ್ ನೀರಿನಲ್ಲಿ ಅರ್ಧ ಪಾಲನ್ನು ರಾತ್ರಿ, ಉಳಿದರ್ಧವನ್ನು ನಸುಕಿನಲ್ಲಿ ಕುಡಿಯಬೇಕು. ಅದನ್ನು ಕುಡಿದು ಲಿಂಗಸುಗೂರಿನ ಹಳ್ಳಿಯಿಂದ ಮೊದಲ ಬಸ್ಸು ಹತ್ತುವುದನ್ನು ಊಹಿಸಿ. ಹೊಟ್ಟೆ ಸ್ವಚ್ಛವಾಗದಿದ್ದರೆ ಇನ್ನೊಂದು ದಿನ ಬನ್ನಿ ಎನ್ನುತ್ತಾರೆ, ಆ ದಿನ ಯಾರೂ ಬರುವುದಿಲ್ಲ. ಹಿಂದಿನ ರಾತ್ರಿ ಆಸ್ಪತ್ರೆಯಲ್ಲೇ ಉಳಿಯುವ ವ್ಯವಸ್ಥೆ ಇಲ್ಲದೆ ಇದು ನಡೆಯದು.

ಯುರೋಪಿನಲ್ಲಿ ನಡೆದ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಕೊಲೊನೊಸ್ಕೋಪಿಗೆ ಕರೆದವರಲ್ಲಿ ಬಂದವರು ನೂರಕ್ಕೆ 42. ಅಲ್ಲೇ ಹಾಗೆ.

ಇದ್ದ ಹಣದಲ್ಲಿ ಮೊದಲು ಲಕ್ಷಣ ಇರುವವರನ್ನು ಹಿಡಿಯೋಣ. ನಮ್ಮ ದೇಶದಲ್ಲಿ ಈ ರೋಗ ನಲವತ್ತರ ಆಸುಪಾಸಿನವರಿಗೂ ಬರುತ್ತದೆ, ಐವತ್ತರ ಗೆರೆ ಅವರನ್ನು ಹೊರಗೇ ಬಿಡುತ್ತದೆ. ಗುದನಾಳದ ಕೆಳಭಾಗದ ಗಡ್ಡೆ, ಏಳೆಂಟು ಸೆಂಟಿಮೀಟರ್ ತನಕ, ಬೆರಳಿಗೇ ಸಿಗುತ್ತದೆ. ಕೈಗವಸು, ಜೆಲ್ಲಿ, ಎರಡು ನಿಮಿಷ, ಒಂದು ಪರದೆ. ಮೂಲವ್ಯಾಧಿ ಎಂದು ಬಂದ ಪ್ರತಿಯೊಬ್ಬರಿಗೂ, ರಕ್ತ ಕಡಿಮೆ ಎಂದು ಬಂದ ವಯಸ್ಸಾದ ಗಂಡಸರಿಗೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದನ್ನು ಮಾಡಿ. ಗಂಡಸಿಗೆ ಸುಮ್ಮನೆ ಕಬ್ಬಿಣದ ಮಾತ್ರೆ ಬರೆದು ಕಳಿಸುವುದು ನಿಲ್ಲಲಿ. ಅವರಿಗೆ ಬೇಕಾದರೆ ಫಿಟ್ ಡಬ್ಬಿಯನ್ನೂ ಕೊಡಿ, ನನ್ನದೇನೂ ಅಡ್ಡಿಯಿಲ್ಲ.