ದಿನಕ್ಕೆ ಎಷ್ಟು ಅಧ್ಯಾಯ?
ದಿನವೂ ಬೈಬಲ್ ಓದಬೇಕು ಎನ್ನುವ ಮಾತು ಸರಿ, ಆದರೆ ದಿನಕ್ಕೆ ಎಷ್ಟು ಎಂಬ ಲೆಕ್ಕವೂ ಬೇಕು. ಪ್ರೊಟೆಸ್ಟೆಂಟ್ ಬೈಬಲಿನ 66 ಪುಸ್ತಕಗಳಲ್ಲಿ 1189 ಅಧ್ಯಾಯಗಳಿವೆ. ಸೋಮವಾರದಿಂದ ಶನಿವಾರದವರೆಗೆ ದಿನಕ್ಕೆ 3, ಭಾನುವಾರ 5 ಓದಿದರೆ ವರ್ಷದೊಳಗೆ ಮುಗಿಯುತ್ತದೆ. (ಕಥೋಲಿಕರ ಬೈಬಲಿನಲ್ಲಿ 73 ಪುಸ್ತಕ, ಹಾಗಾಗಿ ಸ್ವಲ್ಪ ಹೆಚ್ಚು ಬೇಕು.)

ಹೆಚ್ಚಿನವರು ಜನವರಿಯಲ್ಲಿ ಮೊದಲ ಪುಸ್ತಕ ಆದಿಕಾಂಡ ಹಿಡಿದು, ಮೂರನೆಯದಾದ ಯಾಜಕಕಾಂಡದ ಬಲಿನಿಯಮಗಳಲ್ಲಿ ಸಿಕ್ಕಿಬೀಳುತ್ತಾರೆ. ನಾಲ್ಕು ದಿನ ತಪ್ಪಿದರೆ 12 ಅಧ್ಯಾಯ ಬಾಕಿ. ಅದನ್ನು ಒಂದೇ ರಾತ್ರಿ ತೀರಿಸಲು ಹೋದಾಗಲೇ ಓದು ನಿಲ್ಲುವುದು. ಬಾಕಿ ಬಿಟ್ಟು ಇವತ್ತಿನ ಭಾಗಕ್ಕೇ ಬನ್ನಿ.

ಹೊಸಬರು ಯೇಸುವಿನ ಜೀವನ ಹೇಳುವ ಮಾರ್ಕನ ಸುವಾರ್ತೆಯಿಂದ ಶುರುಮಾಡಲಿ, 16 ಅಧ್ಯಾಯ ಅಷ್ಟೆ. ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯ 260 ಅಧ್ಯಾಯಗಳು ವಾರಕ್ಕೆ ಐದರಂತೆ ಸರಿಯಾಗಿ 52 ವಾರ. ಜ್ಞಾನೋಕ್ತಿಗಳು ಪುಸ್ತಕದಲ್ಲಿ 31 ಅಧ್ಯಾಯ, ತಾರೀಖಿಗೊಂದು. 119ನೇ ಕೀರ್ತನೆಯ 176 ವಚನಗಳನ್ನು ಒಟ್ಟಿಗೆ ಓದಬೇಡಿ, ಎಂಟೆಂಟು ವಚನಗಳ 22 ಭಾಗ ಅದರಲ್ಲೇ ಇದೆ.

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ ಕಡೆ ಇನ್ನೊಂದು ತೊಡಕು: ಮಲಯಾಳಂ ಮಾಧ್ಯಮದ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಓಡುವುದಿಲ್ಲ. ಸಂಜೆಯ ಪ್ರಾರ್ಥನೆಯಲ್ಲಿ ಹಿರಿಯರು ಗಟ್ಟಿಯಾಗಿ ಓದಲಿ, ಮಕ್ಕಳು ಬೆರಳಿಟ್ಟು ಹಿಂಬಾಲಿಸಲಿ. ದೊಡ್ಡವರಿಗೂ ಈ ಓದು ಬೇಕು: ಬೆರೋಯ ಎಂಬ ಊರಿನವರು ಅಪೊಸ್ತಲ ಪೌಲನ ಮಾತನ್ನೂ ಪ್ರತಿದಿನ ಶಾಸ್ತ್ರದೊಡನೆ ಹೋಲಿಸಿ ನೋಡಿದರು (ಅಪೊಸ್ತಲರ ಕೃತ್ಯಗಳು 17:11). ಚರ್ಚಿನಲ್ಲಿ ಪ್ರಸಂಗ ಕೇಳಿ ಬಂದವರು ಮನೆಯಲ್ಲಿ ಆ ಅಧ್ಯಾಯ ತೆರೆಯದಿದ್ದರೆ ಹೋಲಿಸುವುದು ಯಾವುದರ ಜೊತೆ?