ಮಧ್ಯರಾತ್ರಿಯ ರಾಮೆನ್ ಮತ್ತು ಅಕ್ಕನ ಶನಿವಾರ

ಬಿಸಿ ಸಾರಿನಲ್ಲಿ ನೂಡಲ್ಸು ಮುಳುಗಿಸಿ ಕೊಡುವ ಟೋಕಿಯೋದ ಸಣ್ಣ ರಾಮೆನ್ ಅಂಗಡಿಗಳನ್ನು ಕಟ್ಟುವವರು, ಮನುಷ್ಯನು ಬಾಯಿಯನ್ನು ತಿನ್ನುವುದಕ್ಕಲ್ಲದೆ ಬೇರೆ ಯಾವ ಕೆಲಸಕ್ಕೂ ಬಳಸಕೂಡದು ಎಂದು ಮೊದಲೇ ಸಂಕಲ್ಪ ಮಾಡಿಕೊಂಡಿರುತ್ತಾರೆಂದು ನನಗೆ ಬಹಳ ದಿನಗಳಿಂದ ಅನುಮಾನವಿದೆ. ಬಾಗಿಲಲ್ಲೇ, ದುಡ್ಡು ಹಾಕಿ ಗುಂಡಿ ಒತ್ತಿದರೆ ಬೇಕಾದ ತಿನಿಸಿನ ಚೀಟಿ ಕೊಡುವ ಟಿಕೆಟ್ ಯಂತ್ರವಿರುತ್ತದೆ. ಒಳಗೆ ಅಡುಗೆಯವನಿಗೆ ಎದುರಾಗಿ ಉದ್ದನೆಯ ಕಟ್ಟೆ, ಅದರ ಮುಂದೆ ಹತ್ತು ಹನ್ನೆರಡು ಸ್ಟೂಲು, ಕೈಗೆಟಕುವಂತೆ ತಣ್ಣೀರಿನ ಜಗ್ಗು, ಚಾಪ್‌ಸ್ಟಿಕ್ಕಿನ ಡಬ್ಬ, ಎಳ್ಳು, ಬೆಳ್ಳುಳ್ಳಿ, ಚೀಲ ಇಡಲು ಕಾಲ ಬಳಿ ಒಂದು ಬುಟ್ಟಿ. ಏನನ್ನೂ ಕೇಳುವ ಅಗತ್ಯವಿಲ್ಲ, ಟಿಪ್ಸ್ ಕೊಡುವ ಪದ್ಧತಿಯಿಲ್ಲ. ಬಂದವರು ಹದಿನೈದು ಇಪ್ಪತ್ತು ನಿಮಿಷದಲ್ಲಿ ತಿಂದು, ಬಟ್ಟಲನ್ನು ಕಟ್ಟೆಯ ಮೇಲ್ಭಾಗಕ್ಕೆ ಎತ್ತಿಟ್ಟು, ಮೇಜು ಒರೆಸಿ ಹೊರಟುಹೋಗುತ್ತಾರೆ.

ನಮ್ಮ ಮನೆತನದವರಿಗೆ ಊಟಕ್ಕಿಂತ ಊಟದ ವಿಚಾರಣೆಯೇ ಮುಖ್ಯ. ಅದರಲ್ಲೂ ನನ್ನ ಭಾವನವರು ಮಂಡ್ಯದ ಯಾವ ಹೋಟೆಲಿಗೆ ಹೋದರೂ ಬಿಸಿಯಾಗಿ ಏನಿದೆ, ಸಾಂಬಾರು ಬೆಳಗಿನದೋ ಈಗಿನದೋ, ಮಾಣಿಯ ಸ್ವಂತ ಊರು ಯಾವುದು, ಅಲ್ಲಿ ಈ ಸಲ ಮಳೆ ಹೇಗೆ ಎಂಬುದನ್ನೆಲ್ಲ ವಿವರವಾಗಿ ತಿಳಿದುಕೊಂಡ ನಂತರ ಒಂದು ಮಸಾಲೆದೋಸೆ ಮತ್ತು ಬೈ ಟು ಕಾಫಿ ಹೇಳುವವರು. ಇಂಥವರು ಅಕ್ಕನೊಡನೆ ಜೂನ್ ತಿಂಗಳಲ್ಲಿ ನಮ್ಮ ಮನೆಗೆ ಬಂದಿಳಿದರು. ನಾವಿರುವುದು ಎದೊಗಾವಾ ವಾರ್ಡಿನ ನಿಶಿ-ಕಾಸಾಯ್‌ನಲ್ಲಿ. ಭಾರತೀಯರು ಹೆಚ್ಚಾಗಿ ನೆಲೆಸಿರುವ ಬಡಾವಣೆಯಾದ್ದರಿಂದ ಉದ್ದಿನಬೇಳೆಗೂ ಕರಿಬೇವಿಗೂ ಪರದಾಡಬೇಕಾಗಿಲ್ಲ. ಆದರೆ ಭಾವನವರು, ಟೋಕಿಯೋಗೆ ಬಂದು ನಿಮ್ಮ ಮನೆಯ ಇಡ್ಲಿ ತಿಂದುಕೊಂಡು ಹೋದೆ ಎಂದರೆ ಊರಿನಲ್ಲಿ ಮರ್ಯಾದೆ ಉಳಿಯುವುದಿಲ್ಲವೆಂದು ಹಟ ಹಿಡಿದರು.

ಅಂಗಡಿಯನ್ನು ಆರಿಸುವುದು ಸುಲಭವಾಗಿರಲಿಲ್ಲ. ಭಾವನವರು ನಾಟಿಕೋಳಿ, ಮಟನ್ ಎಂದರೆ ಎದ್ದು ಕೂರುತ್ತಾರಾದರೂ ಹಂದಿಮಾಂಸ ಮುಟ್ಟುವುದಿಲ್ಲ. ರಾಮೆನ್ನಿನಲ್ಲಿ ಹಂದಿಯನ್ನು ತಪ್ಪಿಸುವುದೆಂದರೆ ಅರ್ಧ ಜಪಾನನ್ನೇ ತಪ್ಪಿಸಿದಂತೆ. ಹಕಾತಾದ ತೊಂಕೊತ್ಸು ಎಂಬುದು ಪೂರ್ತಿ ಹಂದಿಯ ಮೂಳೆಯ ಸಾರು. ಹುದುಗಿಸಿದ ಸೋಯಾ ಮುದ್ದೆ ಕದಡಿದ ಸಪ್ಪೊರೊದ ಮಿಸೊ ರಾಮೆನ್ನಿನ ಮೇಲೆ ಬರೀ ತರಕಾರಿಯೇ ಕಂಡರೂ ತಳದಲ್ಲಿ ಅದೇ ಮೂಳೆ ಇರುತ್ತದೆ. ಸಂಪೂರ್ಣ ಸಸ್ಯಾಹಾರಿ ರಾಮೆನ್ ಕೊಡುವ ಟೀಸ್ ತಾನ್‌ತಾನ್ ಎಂಬ ಅಂಗಡಿ ಟೋಕಿಯೋ ಸ್ಟೇಷನ್ನಿನ ಟಿಕೆಟ್ ಗೇಟಿನ ಒಳಗಿದೆ ಎಂದಾಗ, ಊಟದ ದುಡ್ಡಿನ ಜೊತೆಗೆ ರೈಲ್ವೆಯವರಿಗೂ ದುಡ್ಡು ಕೊಟ್ಟು ಸೊಪ್ಪು ತಿನ್ನಬೇಕೇ ಎಂದು ಭಾವನವರು ಅದನ್ನು ತಳ್ಳಿಹಾಕಿದರು. ಕೊನೆಗೆ ನಮ್ಮ ಮನೆಗೆ ನಡೆದು ಹೋಗುವಷ್ಟು ದೂರದಲ್ಲಿದ್ದ, ತೊರಿ ಪೈತಾನ್ ಮಾಡುವ ಅಂಗಡಿಯೊಂದು ಒಪ್ಪಿಗೆಯಾಯಿತು. ಕೋಳಿಯ ಮೂಳೆಗಳನ್ನು ಜೋರು ಉರಿಯಲ್ಲಿ ಗಂಟೆಗಟ್ಟಲೆ ಕುದಿಸಿದಾಗ ಕೊಬ್ಬು ಮತ್ತು ಮೂಳೆಯ ಅಂಟು ನೀರಿನೊಂದಿಗೆ ಬೆರೆತು ಸಾರು ಹಾಲಿನಂತೆ ಬೆಳ್ಳಗಾಗುತ್ತದೆ. ಆ ಅಂಗಡಿಯಲ್ಲಿ ಮೇಲಿಡುವ ಮಾಂಸದ ಚೂರೂ ಕೋಳಿಯದೇ. ಅಂಗಡಿ ತೆರೆದಿರುವುದು ಮಾತ್ರ ತಡರಾತ್ರಿಯವರೆಗೆ, ಏಕೆಂದರೆ ಇಲ್ಲಿ ಕಚೇರಿಯವರು ಕುಡಿದು ಮುಗಿಸಿದ ಮೇಲೆ ಕೊನೆಯಲ್ಲೊಂದು ಬಟ್ಟಲು ರಾಮೆನ್ ತಿನ್ನದೆ ಮನೆ ಸೇರುವುದಿಲ್ಲ. ಸುತ್ತಾಟ ಮುಗಿಸಿ ನಾವು ಅಲ್ಲಿಗೆ ತಲುಪಿದಾಗ ಶುಕ್ರವಾರ ರಾತ್ರಿ ಹನ್ನೊಂದೂವರೆ ಸಮೀಪಿಸಿತ್ತು. ಹೊರಗೆ ಮುಂಗಾರಿನ ಜಿಟಿಜಿಟಿ ಮಳೆಯಲ್ಲಿ ಕೊಡೆಗಳ ಸಾಲು ನಿಂತಿತ್ತು.

ಮೊದಲು ಟಿಕೆಟ್, ಆಮೇಲೆ ಸಾಲು. ಯಂತ್ರದ ಎಡಮೂಲೆಯ ಮೇಲಿನ ಗುಂಡಿಯಲ್ಲಿ ಅಂಗಡಿಯವರು ತಮ್ಮ ಮುಖ್ಯ ತಿನಿಸನ್ನೇ ಇಟ್ಟಿರುತ್ತಾರೆಂಬುದು ಇಲ್ಲಿನವರ ನಂಬಿಕೆ. ಓದಲು ಬಾರದವರು ಕಣ್ಣು ಮುಚ್ಚಿಕೊಂಡು ಅದನ್ನೇ ಒತ್ತಬಹುದು. ಭಾವನವರು, ಅತಿಥಿಯ ದುಡ್ಡು ಖರ್ಚಾಗಲೇಬೇಕೆಂದು ತಮ್ಮ ಪಾಕೀಟಿನಿಂದ ಗರಿಗರಿಯಾದ ಸಾವಿರ ಯೆನ್ನಿನ ನೋಟನ್ನು ತೆಗೆದು ಯಂತ್ರದ ಬಾಯಿಗೆ ಹಿಡಿದರು. ಯಂತ್ರ ಅದನ್ನು ಅರ್ಧ ನುಂಗಿ, ಒಂದು ಕ್ಷಣ ಯೋಚಿಸಿ, ಉಗುಳಿತು. ಭಾವನವರು ನೋಟನ್ನು ತೊಡೆಯ ಮೇಲೆ ತೀಡಿ ನೇರಮಾಡಿ, ತಿರುಗಿಸಿ, ಮಗುಚಿ ಹಾಕಿದರೂ ಅದೇ ಕಥೆ. ಜಪಾನಿನಲ್ಲಿ 2024ರ ಜುಲೈ 3ರಂದು ಹೊಸ ನೋಟುಗಳು ಬಂದವು. ಯಂತ್ರವನ್ನು ಬದಲಾಯಿಸಲು ಬಹಳ ಖರ್ಚಾಗುವುದರಿಂದ, ಒಂದು ಬಟ್ಟಲಿಗೆ ಸಾವಿರ ಯೆನ್ ದಾಟಿಸಿದರೆ ಗಿರಾಕಿ ಬರುವುದಿಲ್ಲವೆಂದು ಹೆದರುವ ಎಷ್ಟೋ ಸಣ್ಣ ಅಂಗಡಿಯವರು ಹಳೆಯ ಯಂತ್ರವನ್ನೇ ನೆಚ್ಚಿಕೊಂಡಿದ್ದಾರೆ.

ಈ ನೋಟಿನ ವಿಷಯದಲ್ಲಿ ನನಗೆ ಬೇರೆಯೇ ಒಂದು ಬೇಸರವಿದೆ. ಹೊಸ ಸಾವಿರದ ಮೇಲಿರುವವರು ಪ್ಲೇಗಿನ ರೋಗಾಣುವಿನ ಶೋಧಕ್ಕೆ ಹೆಸರಾದ ಕಿತಾಸಾತೊ ಶಿಬಾಸಾಬುರೊ. ಹಳೆಯ ಸಾವಿರದ ಮೇಲಿದ್ದವರು ನೊಗುಚಿ ಹಿದೆಯೊ. ಅವರೂ ರೋಗಾಣು ವಿಜ್ಞಾನಿಯೇ, ಅದರಲ್ಲೂ ಚಿಕ್ಕ ವಯಸ್ಸಿನಲ್ಲಿ ಇದೇ ಕಿತಾಸಾತೊ ಅವರ ಸಂಸ್ಥೆಯಲ್ಲಿ ಕೈಕೆಳಗೆ ಕೆಲಸ ಮಾಡಿದವರು. ಶಿಷ್ಯನನ್ನು ಕಂಡರೆ ಗಬಕ್ಕನೆ ನುಂಗಿ, ಗುರುಗಳನ್ನು ಎಲ್ಲರೆದುರು ಉಗುಳುವ ಯಂತ್ರವನ್ನು ಬಾಗಿಲಲ್ಲಿಟ್ಟುಕೊಂಡ ಅಂಗಡಿಗೆ ಶ್ರೇಯಸ್ಸು ಹೇಗಾದೀತು? ಭಾವನವರಿಗೆ ಇದನ್ನು ವಿವರಿಸುತ್ತಿರುವಾಗಲೇ ಹಿಂದೆ ನಿಂತಿದ್ದ ಟೈ ಸಡಿಲಿಸಿಕೊಂಡ ಮಹನೀಯರೊಬ್ಬರು, ಒಂದು ಮಾತೂ ಆಡದೆ, ತಮ್ಮ ಪಾಕೀಟಿನಿಂದ ಹಳೆಯ ನೋಟುಗಳನ್ನು ತೆಗೆದು ಎರಡೂ ಕೈಗಳಲ್ಲಿ ಹಿಡಿದು ಮುಂದೆ ಚಾಚಿದರು. ನೋಟುಗಳ ವಿನಿಮಯ ಕಂಕಣ ಕಟ್ಟುವಷ್ಟು ಗಾಂಭೀರ್ಯದಿಂದ ನಡೆಯಿತು.

ಎರಡು ಟಿಕೆಟ್ ಬಂದ ಮೇಲೆ ಭಾವನವರು ಸಾಕು ಎಂದರು. ಅವರ ಲೆಕ್ಕದಲ್ಲಿ ಅವರಿಗೂ ಅಕ್ಕನಿಗೂ ಒಂದು ಬಟ್ಟಲು ಬೈ ಟು, ನನಗೊಂದು. ಒಳಗೆ ಕೂರುವ ಪ್ರತಿಯೊಬ್ಬರೂ ಒಂದೊಂದು ಬಟ್ಟಲು ತೆಗೆದುಕೊಳ್ಳಲೇಬೇಕು ಎಂದು ಬರೆದು ಅಂಟಿಸಿದ್ದ ಚೀಟಿಯನ್ನು ನಾನು ಓದಿ ಹೇಳಿದೆ. ಬೈ ಟು ಇಲ್ಲದ ದೇಶ ಹೇಗೆ ಮುಂದುವರಿಯಿತೋ ಎಂದು ಗೊಣಗುತ್ತಾ ಅವರು ಮೂರನೆಯ ಟಿಕೆಟ್ಟಿಗೂ ನೋಟು ತೂರಿಸಿದರು.

ಸಾಲಿನಲ್ಲಿ ನಿಂತವರೆಲ್ಲ ಫೋನು ನೋಡುತ್ತಾ ಮೌನವಾಗಿದ್ದರೆ ಭಾವನವರ ವಿಚಾರಣೆ ಆರಂಭವಾಯಿತು. ಇದು ಇವರದೇ ತಿನಿಸೇ ಎಂದರು. ಮೂಲ ಚೀನೀಯರದು, 1910ರಲ್ಲಿ ಟೋಕಿಯೋದ ಅಸಾಕುಸಾದಲ್ಲಿ ರೈರೈಕೆನ್ ಎಂಬ ಅಂಗಡಿ ಯೊಕೊಹಾಮಾದಿಂದ ಚೀನೀ ಬಾಣಸಿಗರನ್ನು ಕರೆಸಿ ಇದನ್ನು ಜನಪ್ರಿಯಗೊಳಿಸಿತು ಎಂದೆ. ಹಾಗಾದರೆ ನಮ್ಮ ಪೊಟ್ಟಣದ ನೂಡಲ್ಸು ಯಾರದು ಎಂದರು. ಅದು 1958ರಲ್ಲಿ ಆಂದೊ ಮೊಮೊಫುಕು ಎಣ್ಣೆಯಲ್ಲಿ ಕರಿದು ಒಣಗಿಸುವ ಉಪಾಯ ಕಂಡುಕೊಂಡದ್ದರಿಂದ ಬಂದದ್ದು ಎಂದೆ. ಎಳೆ ಹಳದಿಯಾಗಿರುವುದು ಮೊಟ್ಟೆಯಿಂದಲೇ ಎಂದು ಅಕ್ಕ ಕೇಳಿದಳು. ಹೆಚ್ಚಿನ ಕಡೆ ಮೊಟ್ಟೆಯಲ್ಲ, ಹಿಟ್ಟಿಗೆ ಹಾಕುವ ಕ್ಷಾರದಿಂದ; ಊರಿನಲ್ಲಿ ಹಪ್ಪಳಕ್ಕೆ ಹಾಕುವ, ಸೋಡಾದಂಥ ಹಪ್ಪಳಖಾರದ ಜಾತಿಯದೇ ಅದು, ಹಳದಿ ಬಣ್ಣವೂ ಜಗ್ಗಿದರೆ ಹರಿಯದ ಬಿಗಿಯೂ ಅದರಿಂದಲೇ ಬರುತ್ತದೆ ಎಂದೆ. ಅಷ್ಟರಲ್ಲಿ ಹುಡುಗನೊಬ್ಬ ಹೊರಬಂದು ತಲೆಬಾಗಿ ನಮ್ಮ ಮೂರೂ ಟಿಕೆಟ್ಟುಗಳನ್ನು ಪಡೆದುಕೊಂಡು ಒಳಗೆ ಹೋದನು.

ಅವನ ಹಿಂದೆ ಬಾಗಿಲು ಮುಚ್ಚುತ್ತಿದ್ದಂತೆಯೇ ಅಕ್ಕ ತನ್ನ ಫೋನನ್ನು ನೋಡಿ, "ಹನ್ನೆರಡಾಯಿತು, ಶನಿವಾರ ಬಂತು" ಎಂದಳು. ಶನಿವಾರ ತಿಮ್ಮಪ್ಪನ ವಾರ. ಅಂದು ಅವಳು ಕೋಳಿಯಿರಲಿ, ಮೊಟ್ಟೆಯನ್ನೂ ಮುಟ್ಟುವವಳಲ್ಲ.

ಭಾವನವರು ಮೊದಲು ಭೂಗೋಳದ ಮೊರೆಹೊಕ್ಕರು. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದಿದೆ, ಮಂಡ್ಯದಲ್ಲಿ ಇನ್ನೂ ಶುಕ್ರವಾರ ರಾತ್ರಿ ಎಂಟೂವರೆ, ಹರಕೆ ಹೊತ್ತದ್ದು ಅಲ್ಲಿ, ಆದ್ದರಿಂದ ಅಲ್ಲಿನ ಗಡಿಯಾರವೇ ಅನ್ವಯಿಸುತ್ತದೆ ಎಂದರು. ತಿನ್ನುತ್ತಿರುವ ಬಾಯಿ ಇಲ್ಲಿದೆಯಲ್ಲ ಎಂದು ಅಕ್ಕ ಉತ್ತರಿಸಿದಳು. ಆಗ ಅವರು ಪಂಚಾಂಗವನ್ನೇ ಎತ್ತಿದರು: ನಮ್ಮ ಲೆಕ್ಕದಲ್ಲಿ ವಾರ ಬದಲಾಗುವುದು ಸೂರ್ಯೋದಯಕ್ಕೆ, ನಡುರಾತ್ರಿಗಲ್ಲ, ಅದು ಇಂಗ್ಲಿಷಿನವರ ಶನಿವಾರ, ತಿಮ್ಮಪ್ಪನಿಗೂ ಅದಕ್ಕೂ ಏನು ಸಂಬಂಧ? ವಾದದಲ್ಲಿ ಹುರುಳಿತ್ತು. ಅಕ್ಕನಿಗೂ ಹಾಗನ್ನಿಸಿದ್ದರಿಂದಲೇ ಅವಳು ಮೇಲ್ಮನವಿಗಾಗಿ ಅಮ್ಮನಿಗೆ ವಿಡಿಯೋ ಕರೆ ಮಾಡಿದಳು.

ಟೋಕಿಯೋದ ಸಾಲಿನಲ್ಲಿ ನಿಂತು ಸ್ಪೀಕರ್ ಹಾಕಿ ಮಾತನಾಡುವುದಕ್ಕೆ ಕಾನೂನಿನಲ್ಲಿ ಶಿಕ್ಷೆಯಿಲ್ಲ. ಸುತ್ತಲಿನವರ ಬೆನ್ನುಗಳೇ ಆ ಕೆಲಸವನ್ನು ನೆರವೇರಿಸುತ್ತವೆ. ಅಮ್ಮ ಕಾಣಿಸಿಕೊಂಡವಳೇ ಕೇಳಿದ ಮೊದಲ ಪ್ರಶ್ನೆ, "ಊಟ ಆಯ್ತಾ?" ಎಂದು. ಅದೇ ಈಗ ವಿವಾದದಲ್ಲಿದೆ ಎಂದು ಭಾವನವರು ನಿವೇದಿಸಿಕೊಂಡರು. ಎರಡೂ ಕಡೆಯ ವಾದವನ್ನು ಕೇಳಿದ ಅಮ್ಮ, ಅಲ್ಲಿ ಸೂರ್ಯ ಹುಟ್ಟುವುದು ಎಷ್ಟು ಹೊತ್ತಿಗೆ ಎಂದು ವಿಚಾರಿಸಿದಳು. ಜೂನ್ ತಿಂಗಳಲ್ಲಿ ಟೋಕಿಯೋದಲ್ಲಿ ನಾಲ್ಕೂವರೆಗೇ ಬೆಳಕಾಗಿಬಿಡುತ್ತದೆ ಎಂದೆ. ಹಾಗಾದರೆ ಪಂಚಾಂಗದ ಪ್ರಕಾರ ಅಳಿಯಂದಿರು ಹೇಳುವುದೇ ಸರಿ, ಆದರೆ ಒಮ್ಮೆ ಅನುಮಾನ ಬಂದ ಮೇಲೆ ತಿನ್ನಬಾರದು ಎಂದು ತೀರ್ಪಿತ್ತು, ನೀವೆಲ್ಲ ಮಳೆಯಲ್ಲಿ ಏಕೆ ನಿಂತಿದ್ದೀರಿ ಎಂದು ಬೈದು ಫೋನಿಟ್ಟಳು. ಅಷ್ಟರಲ್ಲಿ ಹುಡುಗನು ನಮ್ಮನ್ನು ಒಳಗೆ ಕರೆದನು.

ಸಾಲಿನಲ್ಲಿರುವಾಗಲೇ ಟಿಕೆಟ್ ಪಡೆಯುವುದು ಕೂತ ಕೂಡಲೇ ಬಟ್ಟಲು ಬರಲಿ ಎಂದು. ನಾನು ತಡವರಿಸುತ್ತಾ ಒಂದನ್ನು ಬಿಡಿ ಎನ್ನುವಷ್ಟರಲ್ಲಿ ಮೂರು ಬುಟ್ಟಿ ನೂಡಲ್ಸು ಕುದಿನೀರಿನಿಂದ ಮೇಲೆದ್ದಿದ್ದವು. ಬಾಣಸಿಗನು ಅವನ್ನು ಫಟ್ಟೆಂದು ಕೊಡವಿ ನೀರು ಸೋಸಿ, ಬೆಳ್ಳನೆಯ ಸಾರಿನೊಳಕ್ಕೆ ಇಳಿಸಿ, ಚಾಪ್‌ಸ್ಟಿಕ್ಕಿನಿಂದ ಎಳೆಗಳನ್ನು ಒಮ್ಮೆ ಎತ್ತಿ ಮಡಚಿ ಬಾಚಿದ ಕೂದಲಿನಂತೆ ಮಲಗಿಸಿದನು. ಮೇಲೆ ಕೋಳಿಯ ಚೂರು, ಸೋಯಾದಲ್ಲಿ ನೆನೆದು ಕಂದಾದ ಅರ್ಧ ಮೊಟ್ಟೆ, ಹುದುಗಿಸಿದ ಕಳಲೆ. ಅಕ್ಕ ತನ್ನೆದುರಿನ ಬಟ್ಟಲನ್ನು ಎರಡು ಬೆರಳಿನಿಂದ ಮೆಲ್ಲನೆ ಭಾವನವರ ಕಡೆಗೆ ಸರಿಸಿದಳು. ಬೈ ಟು ಕೇಳಿದವರಿಗೆ ಟು ಸಿಕ್ಕಿತು.

ಬಟ್ಟಲಿಗೆ ಮುಖ ಬಗ್ಗಿಸಿದೊಡನೆ ಭಾವನವರ ಕನ್ನಡಕ ಹಬೆಗೆ ಬೆಳ್ಳಗಾಗಿ, ಅವರು ಅಂದಾಜಿನ ಮೇಲೆ ಊಟ ಆರಂಭಿಸಿದರು. ಎತ್ತಿದ ಎಳೆಗಳು ಅರ್ಧ ದಾರಿಯಲ್ಲಿ ಜಾರಿ ಬಿದ್ದು, ಸಾರು ಅವರ ಹೊಸ ಅಂಗಿಗೂ ಪಕ್ಕದವರ ತೋಳಿಗೂ ಸಮನಾಗಿ ಹಾರಿತು. ಪಕ್ಕದವರು ನೋಟು ಕೊಟ್ಟ ಮಹನೀಯರೇ. ಅವರು ಈ ಬಾರಿಯೂ ಒಂದು ಮಾತಾಡದೆ, ಕಟ್ಟೆಯ ಮೇಲಿದ್ದ ಕಾಗದದ ಏಪ್ರನ್ ಒಂದನ್ನು ತೆಗೆದು ಚಾಚಿದರು. ಏಪ್ರನ್ ಕಟ್ಟಿಕೊಂಡ ಭಾವನವರು ಚಮತ್ಕಾರವನ್ನೆಲ್ಲ ಕೈಬಿಟ್ಟು, ಬಾಯನ್ನೇ ಬಟ್ಟಲಿನ ಬಳಿಗೆ ಒಯ್ದು, ಮದುವೆಮನೆಯ ಎಲೆಯ ಮೇಲೆ ಹರಿಯುವ ಸಾರನ್ನು ತಡೆದು ನಿಲ್ಲಿಸುವ ತಮ್ಮ ಪುರಾತನ ವಿದ್ಯೆಯಿಂದ ಸೊರ್ರೆಂದು ಎಳೆದುಕೊಂಡರು. ಮದುವೆಯಾದಾಗಿನಿಂದ ಆ ಸದ್ದಿಗಾಗಿ ಅವರನ್ನು ತಿವಿಯುತ್ತಾ ಬಂದಿರುವ ಅಕ್ಕನ ಮೊಣಕೈ ಅಭ್ಯಾಸಬಲದಿಂದ ಎದ್ದಿತು. ಆದರೆ ಆಕೆ ಅತ್ತಿತ್ತ ನೋಡಿದರೆ, ಕೋಟು ತೊಟ್ಟ ಅಷ್ಟೂ ಜನ ಅದೇ ಶ್ರುತಿಯಲ್ಲಿ ಸೊರಗುಟ್ಟುತ್ತಿದ್ದರು. ಗಾಳಿಯೊಡನೆ ಎಳೆದುಕೊಂಡರೆ ನೂಡಲ್ಸು ನಾಲಗೆ ಸುಡುವುದಿಲ್ಲ, ಪರಿಮಳವೂ ಮೂಗಿಗೆ ತಲುಪುತ್ತದೆ, ಇಲ್ಲಿ ಅದು ಅಸಭ್ಯವಲ್ಲ ಎಂದು ನಾನು ಹೇಳಿದ ಮೇಲೆ ಭಾವನವರ ಮುಖದಲ್ಲಿ ಮೂಡಿದ ವಿಜಯದ ಕಳೆಯನ್ನು ಕನ್ನಡಕದ ಹಬೆಯೂ ಮುಚ್ಚಲಾರದೆ ಹೋಯಿತು.

ಎರಡನೆಯ ಬಟ್ಟಲಿನ ಹೊತ್ತಿಗೆ ಆ ಕಳೆ ಇಳಿದಿತ್ತು. ಬಿಸಿ ಸಾರಿನಲ್ಲಿ ಕಾದು ಕೂತ ಎಳೆಗಳು ಉಬ್ಬುತ್ತಾ ಹೋಗುತ್ತವೆ. ತಿಂದಷ್ಟೂ ಬಟ್ಟಲು ತುಂಬುತ್ತಿರುವಂತೆ ಕಾಣುತ್ತದೆ. ಬಿಡೋಣವೆಂದರೆ ಬಾಣಸಿಗನು ಒಂದೂವರೆ ಮೊಳ ದೂರದಲ್ಲಿ ಎದುರಿಗೇ ನಿಂತಿದ್ದಾನೆ. ಅವನು ಖಾಲಿಯಾದ ಮೊದಲ ಬಟ್ಟಲನ್ನೂ ಅರ್ಧವಾದ ಎರಡನೆಯದನ್ನೂ ನೋಡಿ, ಇಂಥ ಗಿರಾಕಿ ದಿನವೂ ಬರುವುದಿಲ್ಲವೆಂದು ತೀರ್ಮಾನಿಸಿರಬೇಕು. ತಲೆಬಾಗಿ, ಏನನ್ನೋ ಸಂತೋಷದಿಂದ ನುಡಿದು, ಇಡಿಯ ಮೊಟ್ಟೆಯೊಂದನ್ನು ಕಾಣಿಕೆಯಾಗಿ ಭಾವನವರ ಬಟ್ಟಲಿಗೆ ಇಳಿಸಿದನು. ಭಾವನವರು ಅದನ್ನೂ ತಿಂದರು. ಸಾರನ್ನು ಮಾತ್ರ ನಾನೇ ತಡೆದೆ. ದಿನಕ್ಕೆ ಐದು ಗ್ರಾಂ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಒಂದು ಬಟ್ಟಲನ್ನು ತಳ ಕಾಣುವವರೆಗೆ ಕುಡಿದರೆ ಸಾಮಾನ್ಯವಾಗಿ ಅಷ್ಟೂ ಒಳಗೆ ಹೋಗುತ್ತದೆ, ಅವರು ಬಿ.ಪಿ. ಮಾತ್ರೆಯ ಮೇಲಿರುವವರು. ಅಕ್ಕ ಜಗ್ಗಿನಿಂದ ಲೋಟಕ್ಕೆ ನೀರು ಬಗ್ಗಿಸುತ್ತಲೇ ಇದ್ದಳು.

ಹೊರಬಂದಾಗ ಹಸಿದಿದ್ದವಳು ಅಕ್ಕ ಒಬ್ಬಳೇ. ಪಕ್ಕದ ಕನ್ವೀನಿಯನ್ಸ್ ಅಂಗಡಿಯಲ್ಲಿ ಉಪ್ಪಿನಲ್ಲಿ ಹಾಕಿದ ಹುಳಿ ಉಮೆ ಹಣ್ಣನ್ನು ತುಂಬಿದ ಅನ್ನದ ಉಂಡೆಯೊಂದನ್ನು, ಇದಾದರೂ ನಿರಪಾಯವೆಂದು ಕೊಡಿಸಿದೆ. ಹಾಳೆ ಬಿಚ್ಚುವ ಮೊದಲು ಅಭ್ಯಾಸದಂತೆ ಹಿಂಬದಿಯ ಸಣ್ಣ ಅಕ್ಷರಗಳ ಮೇಲೆ ಫೋನು ಹಿಡಿದರೆ, ಪಟ್ಟಿಯ ನಡುವೆ ಬೊನಿಟೊ ಮೀನಿನ ಸಾರ ತಣ್ಣಗೆ ಕೂತಿತ್ತು. ಅಕ್ಕನಿಗೆ ಹೇಳಿದೆ. ಅವಳು ಉಂಡೆಯನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಉಂಡೆಯನ್ನು ನೋಡಿ, ಇಲ್ಲಿ ಬೆಳಗಾಗುವುದು ಎಷ್ಟು ಗಂಟೆಗೆಂದು ಹೇಳಿದೆ ಎಂದು ಕೇಳಿದಳು.

ನಾಲ್ಕೂವರೆಗೆ ಎಂದೆ.

"ಹಾಗಾದರೆ ಇನ್ನೂ ಶುಕ್ರವಾರವೇ" ಎಂದು ಅಕ್ಕ ಹಾಳೆಯನ್ನು ಪರ್ರೆಂದು ಹರಿದಳು. ಭಾವನವರು ಏನನ್ನೋ ಹೇಳಲು ಬಾಯಿ ತೆರೆದು, ತೇಗು ಬಂದಿದ್ದರಿಂದ ಮುಚ್ಚಿಕೊಂಡರು.